ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಪ್ಯಾರಾಲೀಗಲ್ ಪದವಿ: ಸೇರುವ ಮುನ್ನ ತಿಳಿದಿರಬೇಕಾದ ವಿಷಯಗಳು

ಪ್ಯಾರಾಲೀಗಲ್ ಎಂದರೆ ವಕೀಲರ ಕೈಕೆಳಗೆ ಕಾನೂನಿನ ಕೆಲಸ ಮಾಡುವ, ಆದರೆ ಸ್ವತಃ ವಕೀಲರಲ್ಲದ ವ್ಯಕ್ತಿ. ನಮ್ಮ ಕೋರ್ಟುಗಳಲ್ಲಿ ಕಾಣುವ ವಕೀಲರ ಗುಮಾಸ್ತರಿಗೆ ಇವರನ್ನು ಹೋಲಿಸುವುದುಂಟು. ಹೋಲಿಕೆ ಅರ್ಧ ಮಾತ್ರ ಸರಿ. ಗುಮಾಸ್ತರು ಫೈಲು, ತಾರೀಖು, ನಕಲು ಅರ್ಜಿ ನೋಡಿಕೊಳ್ಳುತ್ತಾರೆ. ಅಮೆರಿಕದ ಪ್ಯಾರಾಲೀಗಲ್ ಇದರ ಜೊತೆಗೆ ಹಳೆಯ ತೀರ್ಪುಗಳನ್ನು ಹುಡುಕಿ ಕೊಡುತ್ತಾರೆ, ದಾವೆಯ ಕರಡು ಬರೆಯುತ್ತಾರೆ, ಸಾಕ್ಷಿಗಳ ಹೇಳಿಕೆಯ ಸಾರಾಂಶ ತೆಗೆಯುತ್ತಾರೆ. ಸಹಿಯೂ ಹೊಣೆಯೂ ವಕೀಲರದು.

ಕರ್ನಾಟಕದಲ್ಲಿ ಇದೇ ಹೆಸರಿನ ಇನ್ನೊಂದು ವ್ಯವಸ್ಥೆ ಇರುವುದರಿಂದ ಗೊಂದಲವಾಗುತ್ತದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2009ರಲ್ಲಿ ಅರೆಕಾಲಿಕ ಕಾನೂನು ಸ್ವಯಂಸೇವಕರ ಯೋಜನೆ ತಂದಿತು. ಅಲ್ಲಿ ಸಿಗುವುದು ಗೌರವಧನ, ಸಂಬಳವಲ್ಲ. ಅದು ಉದ್ಯೋಗವೂ ಅಲ್ಲ, ಪದವಿಯೂ ಅಲ್ಲ. ಈ ಲೇಖನ ಅಮೆರಿಕದ ಪದವಿಯ ಬಗ್ಗೆ. ಮದುವೆಯಾಗಿ ಅಲ್ಲಿಗೆ ಹೋದ ಹೆಣ್ಣುಮಕ್ಕಳು, ಇಲ್ಲಿ ಬಿ.ಎ. ಅಥವಾ ಬಿ.ಕಾಂ. ಮುಗಿಸಿದವರು, ಈ ಓದಿನ ಬಗ್ಗೆ ವಿಚಾರಿಸುವುದುಂಟು.

ಕಮ್ಯುನಿಟಿ ಕಾಲೇಜು ಎಂದೊಡನೆ ಯಾವುದೋ ಸಮಾಜದವರು ನಡೆಸುವ ಕಾಲೇಜು ಎಂದು ತಿಳಿಯಬಾರದು. ಅದು ಆಯಾ ಊರು, ಜಿಲ್ಲೆಗಳ ಜನರಿಗಾಗಿ ಸರ್ಕಾರದ ಹಣದಲ್ಲಿ ನಡೆಯುವ ಎರಡು ವರ್ಷದ ಕಾಲೇಜು. ಇವುಗಳಲ್ಲಿ ಬಹಳ ಹಳೆಯದು ಇಲಿನಾಯ್ ರಾಜ್ಯದ ಜೋಲಿಯಟ್‌ನಲ್ಲಿ 1901ರಲ್ಲಿ ಆರಂಭವಾಯಿತು. ಮೂವತ್ತು, ನಲವತ್ತು ವಯಸ್ಸಿನವರೂ ಸೇರುತ್ತಾರೆ, ಯಾರೂ ಹುಬ್ಬೇರಿಸುವುದಿಲ್ಲ.

ಪದವಿಯ ಹೆಸರು ಅಸೋಸಿಯೇಟ್ ಡಿಗ್ರಿ. ಸುಮಾರು 60 ಕ್ರೆಡಿಟ್‌ಗಳ ಓದು. ಪೂರ್ಣಾವಧಿಗೆ ಎರಡು ವರ್ಷ. ಮನೆ, ಮಕ್ಕಳು ಇರುವವರಿಗೆ ಮೂರು, ನಾಲ್ಕು ವರ್ಷವೂ ಆಗುತ್ತದೆ. ಸಿವಿಲ್ ದಾವೆ, ಕರಾರು, ಕುಟುಂಬ ಕಾನೂನು, ವಿಲ್ ಮತ್ತು ಟ್ರಸ್ಟ್, ಕಾನೂನು ಸಂಶೋಧನೆ ಮತ್ತು ಬರವಣಿಗೆ, ವೃತ್ತಿ ನೀತಿ ಮುಖ್ಯ ವಿಷಯಗಳು. ಇಲ್ಲಿಂದ ಹೋದವರಿಗೆ ಕಷ್ಟವಾಗುವುದು ಕಾನೂನಲ್ಲ, ಕಾನೂನಿನ ಇಂಗ್ಲಿಷ್ ಬರವಣಿಗೆ. ಮಾತಿನ ಇಂಗ್ಲಿಷ್ ಚೆನ್ನಾಗಿದೆ ಎಂಬ ಧೈರ್ಯ ಅಲ್ಲಿ ಸಾಲದು.

ಈಗಾಗಲೇ ಪದವಿ ಇದ್ದವರು ಮತ್ತೆ 60 ಕ್ರೆಡಿಟ್ ಓದಬೇಕಾಗಿಲ್ಲ. ಭಾರತದ ಅಂಕಪಟ್ಟಿಗಳನ್ನು ಮಾನ್ಯ ಸಂಸ್ಥೆಯೊಂದರಿಂದ ಮೌಲ್ಯಮಾಪನ ಮಾಡಿಸಿದರೆ, ಅನೇಕ ಕಾಲೇಜುಗಳಲ್ಲಿ ಕಾನೂನಿನ ವಿಷಯಗಳನ್ನಷ್ಟೇ ಓದಿ ಸರ್ಟಿಫಿಕೇಟ್ ಪಡೆಯಬಹುದು. ಇದನ್ನು ಕೇಳದೆ ಸೇರಿದವರು ವರ್ಷವನ್ನೂ ಹಣವನ್ನೂ ಕಳೆದುಕೊಳ್ಳುತ್ತಾರೆ.

ಖರ್ಚಿನ ಲೆಕ್ಕ ಹೀಗಿದೆ. ಕ್ಯಾಲಿಫೋರ್ನಿಯಾದಲ್ಲಿ ಸ್ಥಳೀಯ ನಿವಾಸಿಗಳಿಗೆ 2012ರಿಂದ ಯೂನಿಟ್‌ಗೆ 46 ಡಾಲರ್ ಶುಲ್ಕ. 60 ಯೂನಿಟ್‌ಗೆ 2,760 ಡಾಲರ್. ಪುಸ್ತಕ, ಇತರ ಶುಲ್ಕ ಬೇರೆ. ಆದರೆ ನಿವಾಸಿ ಎನ್ನಿಸಿಕೊಳ್ಳದವರಿಗೆ ಶುಲ್ಕ ಇದರ ಹಲವು ಪಟ್ಟು. ವೀಸಾ ಯಾವುದು, ಆ ರಾಜ್ಯದಲ್ಲಿ ಎಷ್ಟು ಕಾಲದಿಂದ ವಾಸ ಎಂಬುದರ ಮೇಲೆ ಇದು ನಿರ್ಧಾರವಾಗುತ್ತದೆ. ಪ್ರವೇಶ ವಿಭಾಗದಿಂದ ಬರಹದಲ್ಲಿ ಉತ್ತರ ಪಡೆಯುವುದು ಒಳ್ಳೆಯದು. ಗಳಿಕೆಯ ಕಡೆ ನೋಡಿದರೆ, ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2023ರಲ್ಲಿ ಈ ವೃತ್ತಿಯ ಮಧ್ಯಮ ವಾರ್ಷಿಕ ವೇತನ ಸುಮಾರು 61 ಸಾವಿರ ಡಾಲರ್. ಹೊಸಬರಿಗೆ ಅಷ್ಟು ಸಿಗುವುದಿಲ್ಲ.

ಅಮೆರಿಕನ್ ಬಾರ್ ಅಸೋಸಿಯೇಷನ್ ಕೆಲವು ಪ್ಯಾರಾಲೀಗಲ್ ಕೋರ್ಸುಗಳಿಗೆ ಮಾನ್ಯತೆ ಕೊಡುತ್ತದೆ. ಕಡ್ಡಾಯವಲ್ಲ, ಆದರೆ ಕೆಲಸ ಕೊಡುವವರು ಅದನ್ನು ನೋಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಂತೂ ಪ್ಯಾರಾಲೀಗಲ್ ಎಂಬ ಹೆಸರು ಹಾಕಿಕೊಳ್ಳಲು ಕಾನೂನೇ ಅರ್ಹತೆ ನಿಗದಿ ಮಾಡಿದೆ. ಕೆಲವೇ ವಾರಗಳಲ್ಲಿ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವ ಜಾಹೀರಾತುಗಳಿಂದ ದೂರ ಇರುವುದೇ ಲೇಸು.

ಇನ್ನು ವೀಸಾ. ಎಚ್-4 ವೀಸಾದಲ್ಲಿರುವ ಪತ್ನಿ ಅಥವಾ ಪತಿ ಕಾಲೇಜಿಗೆ ಸೇರಿ ಓದಬಹುದು, ಅದಕ್ಕೆ ಬೇರೆ ವೀಸಾ ಬೇಡ. ಆದರೆ ದುಡಿಯುವಂತಿಲ್ಲ. 2015ರ ಮೇ ತಿಂಗಳಿಂದ ಒಂದು ವಿನಾಯಿತಿ ಇದೆ: ಎಚ್-1ಬಿ ಹೊಂದಿರುವವರ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಐ-140 ಅರ್ಜಿ ಮಂಜೂರಾಗಿದ್ದರೆ, ಅಥವಾ ಆ ಪ್ರಕ್ರಿಯೆಯ ಕಾರಣಕ್ಕೆ ಅವರ ವೀಸಾ ಆರು ವರ್ಷ ಮೀರಿ ವಿಸ್ತರಣೆಯಾಗಿದ್ದರೆ, ಸಂಗಾತಿ ಉದ್ಯೋಗ ಪರವಾನಗಿಗೆ ಅರ್ಜಿ ಹಾಕಬಹುದು. ಪರವಾನಗಿ ಕೈಗೆ ಬರುವ ಮುನ್ನ ವಕೀಲರ ಕಚೇರಿಯಲ್ಲಿ ತರಬೇತಿಯೆಂದು ಕೂತರೂ ತೊಂದರೆ ಬರಬಹುದು. ಅನೇಕ ಕೋರ್ಸುಗಳಲ್ಲಿ ಇಂಟರ್ನ್‌ಶಿಪ್ ಇರುತ್ತದೆ. ಸಂಬಳವಿಲ್ಲ ಎಂದ ಮಾತ್ರಕ್ಕೆ ಅದು ಕೆಲಸವಲ್ಲ ಎಂದು ತಾವೇ ತೀರ್ಮಾನಿಸದೆ, ವಲಸೆ ವಕೀಲರನ್ನು ಕೇಳಿ ಮುಂದುವರಿಯಬೇಕು. ಒಬ್ಬರ ತಪ್ಪು ಇಡೀ ಮನೆಯವರ ಗ್ರೀನ್ ಕಾರ್ಡ್‌ಗೆ ಅಡ್ಡ ಬಂದೀತು.

ಓದು ಮುಗಿದ ಮೇಲೆ ಇರುವ ಅಪಾಯ ಇನ್ನೂ ಸೂಕ್ಷ್ಮ. ಪ್ಯಾರಾಲೀಗಲ್ ಆದವರು ಕಾನೂನು ಸಲಹೆ ಕೊಡುವಂತಿಲ್ಲ, ಕೋರ್ಟಿನಲ್ಲಿ ವಾದಿಸುವಂತಿಲ್ಲ, ಕಕ್ಷಿದಾರರಿಗೆ ಫೀ ನಿಗದಿ ಮಾಡುವಂತಿಲ್ಲ. ಮೀರಿದರೆ ಅನೇಕ ರಾಜ್ಯಗಳಲ್ಲಿ ಅದು ಅಪರಾಧ. ಯೂಟಾ, ಅರಿಜೋನಾದಂಥ ಕೆಲವು ರಾಜ್ಯಗಳು ಪ್ರತ್ಯೇಕ ಪರವಾನಗಿ ಕೊಟ್ಟು ಕೆಲವು ಸೀಮಿತ ಕೆಲಸಗಳಿಗೆ ಅವಕಾಶ ನೀಡಿವೆ, ಅಷ್ಟೆ. ಸಮಾಜದೊಳಗೆ ಈ ಗೆರೆ ಕಾಯುವುದು ಕಷ್ಟ. ಜಿನಮಂದಿರದಲ್ಲಿ ಪೂಜೆ ಮುಗಿಸಿ ಊಟಕ್ಕೆ ಕೂತಾಗ, "ನೀನು ಕಾನೂನು ಓದಿದ್ದೀಯಲ್ಲಮ್ಮ, ನಮ್ಮ ಅತ್ತೆಯವರ ವೀಸಾ ಅರ್ಜಿಯಲ್ಲಿ ಇಲ್ಲಿ ಏನು ಬರೆಯಬೇಕು ಹೇಳು" ಎಂದು ಹಿರಿಯರು ಕೇಳುತ್ತಾರೆ. ಇಲ್ಲ ಎನ್ನಲು ಸಂಕೋಚ. ಅವರು ಹೇಳಿದ್ದನ್ನು ಇದ್ದಂತೆ ಬರೆದುಕೊಡುವುದು ಬೇರೆ. ಯಾವ ಉತ್ತರ ಲಾಭ ಎಂದು ಸೂಚಿಸುವುದು ಸಲಹೆಯಾಗುತ್ತದೆ. ಹೆಚ್ಚುಕಡಿಮೆಯಾದರೆ ಅತ್ತೆಯವರ ಅರ್ಜಿ ತಿರಸ್ಕೃತವಾಗುತ್ತದೆ, ಸಹಾಯ ಮಾಡಿದವರ ವೃತ್ತಿಗೂ ಕುತ್ತು. ಕೇಳಿದವರೇ ಈ ಮುಜುಗರ ತರದಿದ್ದರೆ ಉತ್ತಮ.

ದಾಖಲೆ ಓದುವ ಕೆಲಸವನ್ನು ಕೀಳೆಂದು ತಿಳಿಯುವವರೂ ಇದ್ದಾರೆ. 1893ರಲ್ಲಿ ಷಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ಜೈನ ಧರ್ಮವನ್ನು ಪ್ರತಿನಿಧಿಸಿದ ವೀರಚಂದ್ ಗಾಂಧಿ, ಅದಕ್ಕೂ ಮೊದಲು ಸಮ್ಮೇದ ಶಿಖರದ ವ್ಯಾಜ್ಯಕ್ಕಾಗಿ ಕಲ್ಕತ್ತೆಯಲ್ಲಿ ನಿಂತು, ಕಾಗದಪತ್ರ ಓದಲೆಂದೇ ಬಂಗಾಳಿ ಕಲಿತವರು.

ಈ ಪದವಿಯಿಂದ ಭಾರತದಲ್ಲಿ ವಕೀಲಿ ಮಾಡಲು ಆಗುವುದಿಲ್ಲ; ಅದಕ್ಕೆ ಎಲ್‌ಎಲ್‌.ಬಿ. ಮತ್ತು ಬಾರ್ ಕೌನ್ಸಿಲ್ ನೋಂದಣಿ ಬೇಕು. ಇಲ್ಲೇ ಎಲ್‌ಎಲ್‌.ಬಿ. ಮುಗಿಸಿ ಹೋದವರಿಗೆ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಬಾರ್ ಪರೀಕ್ಷೆಗೆ ಕೂರುವ ದಾರಿಯೇ ಬೇರೆ ಇದೆ. ಅವರು ಮೊದಲು ಅದನ್ನು ವಿಚಾರಿಸಬೇಕು.

ತರಗತಿಗಳು ಅನೇಕ ಕಡೆ ಸಂಜೆ ಇರುತ್ತವೆ. ಡಿಸೆಂಬರಿನಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಐದು ಗಂಟೆಗೆ ಮೊದಲೇ ಸೂರ್ಯಾಸ್ತ. ರಾತ್ರಿಭೋಜನ ತ್ಯಾಗ ಪಾಲಿಸುವವರು ನಾಲ್ಕೂವರೆಯೊಳಗೆ ಊಟ ಮುಗಿಸಿ ಹೊರಡಬೇಕಾಗುತ್ತದೆ. ಸೆಮಿಸ್ಟರ್ ಶುರುವಾಗುವ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ದಶಲಕ್ಷಣ ಪರ್ವವೂ ಬರುವುದರಿಂದ, ರಜೆ ಬೇಕಾದ ದಿನಗಳನ್ನು ಮೊದಲ ವಾರದಲ್ಲೇ ಅಧ್ಯಾಪಕರಿಗೆ ತಿಳಿಸಿಟ್ಟರೆ ಅನುಕೂಲ.