ಮಂಪರು ಪರೀಕ್ಷೆಯ ಊರಿನಲ್ಲಿ ಪಾಠ ಹೇಳುತ್ತಾ

ಎಲೆಕ್ಟ್ರಾನಿಕ್ ಸಿಟಿಯ ಆಚೆಗಿನ ಕಾಲೇಜೊಂದರಲ್ಲಿ ವಾರಕ್ಕೆ ಎರಡು ದಿನ ಅತಿಥಿ ಉಪನ್ಯಾಸಕಿಯಾಗಿ ಅಪರಾಧಶಾಸ್ತ್ರ ಕಲಿಸುತ್ತೇನೆ. ಉಳಿದ ದಿನಗಳು ನನ್ನ ಪಿಎಚ್‌.ಡಿ. ಕೆಲಸಕ್ಕೆ. ಪ್ರತಿ ವರ್ಷ ಹೊಸ ತರಗತಿಯಲ್ಲಿ ಯಾರಾದರೊಬ್ಬರು ಅದೇ ಪ್ರಶ್ನೆ ಎತ್ತುತ್ತಾರೆ. "ಮೇಡಂ, ಮಂಪರು ಪರೀಕ್ಷೆ ಮಾಡಿದ್ರೆ ನಿಜ ಹೊರಗೆ ಬಂದೇ ಬರುತ್ತಲ್ವಾ? ಮತ್ಯಾಕೆ ಕೋರ್ಟು ಬೇಡ ಅನ್ನುತ್ತೆ?" ಮೊದಲ ವರ್ಷ ಸಂವಿಧಾನದ ವಿಧಿಯೊಂದನ್ನು ಹೇಳಿ ಮುಗಿಸಿದ್ದೆ. ಯಾರಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಈಗ ಅವರು ದಿನಾ ಬಸ್ಸಿನಲ್ಲಿ ಓಡಾಡುವ ಹೊಸೂರು ರಸ್ತೆಯ ಕಥೆಯಿಂದಲೇ ಶುರು ಮಾಡುತ್ತೇನೆ.

ಈ ರಸ್ತೆಯ ನಗರದ ತುದಿಯಲ್ಲಿ ನಿಮ್ಹಾನ್ಸ್ ಇದೆ. ಸ್ವಲ್ಪ ಮುಂದೆ ಬಂದರೆ ಮಡಿವಾಳದಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ. ಸಿಲ್ಕ್ ಬೋರ್ಡ್, ಬೊಮ್ಮನಹಳ್ಳಿ ದಾಟಿದರೆ ಎಲೆಕ್ಟ್ರಾನಿಕ್ ಸಿಟಿ. ಈ ಶತಮಾನದ ಮೊದಲ ದಶಕದಲ್ಲಿ ಬೇರೆ ರಾಜ್ಯಗಳ ಪೊಲೀಸರೂ ಆರೋಪಿಗಳನ್ನು ಬೆಂಗಳೂರಿಗೆ ಕರೆತರುತ್ತಿದ್ದರು. ಸೋಡಿಯಂ ಪೆಂಟೋಥಾಲ್ ಕೊಟ್ಟು, ಅರೆಎಚ್ಚರದ ಸ್ಥಿತಿಯಲ್ಲಿ ಪ್ರಶ್ನೆ ಕೇಳುವ ಪರೀಕ್ಷೆಗೆ ಈ ಊರು ಹೆಸರಾಗಿತ್ತು. ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಗೆ 2003ರಲ್ಲಿ ಇಲ್ಲಿಯೇ ಪರೀಕ್ಷೆ ನಡೆಯಿತು. ಮುಂದೆ ಅದರ ದೃಶ್ಯಗಳು ಟಿ.ವಿ.ಯಲ್ಲೂ ಬಂದವು. ನನ್ನ ವಿದ್ಯಾರ್ಥಿಗಳ ಮನೆಯವರಿಗೆ ಇಂದಿಗೂ ವಿಧಿವಿಜ್ಞಾನ ಎಂದರೆ ಆ ದೃಶ್ಯವೇ.

ಇದೇ ಕಾಲದಲ್ಲಿ ಮಿದುಳಿನ ವಿದ್ಯುತ್ ಅಲೆಗಳನ್ನು ಓದಿ, ವ್ಯಕ್ತಿಗೆ ಒಂದು ಕೃತ್ಯದ ಅನುಭವದ ನೆನಪಿದೆಯೇ ಎಂದು ಹೇಳುವ ವಿಧಾನವೂ ಬಂತು. ಅದನ್ನು ರೂಪಿಸಿದ ಸಿ.ಆರ್. ಮುಕುಂದನ್ ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದವರು. 2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯ ಕೊಲೆ ಪ್ರಕರಣವೊಂದರಲ್ಲಿ ಶಿಕ್ಷೆ ವಿಧಿಸುವಾಗ ಈ ಪರೀಕ್ಷೆಯನ್ನೂ ಆಧಾರವಾಗಿ ಒಪ್ಪಿತು. ಜಗತ್ತಿನ ಪತ್ರಿಕೆಗಳು ಆ ಬಗ್ಗೆ ಬರೆದವು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ, ಇಂಥ ಮಿದುಳಿನ ಪರೀಕ್ಷೆಗಳಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ ಎಂದಿತು. ಒಂದೇ ಸಂಸ್ಥೆಯ ನಂಟಿದ್ದ ವಿಧಾನವನ್ನು ಆ ಸಂಸ್ಥೆಯವರೇ ಪ್ರಶ್ನಿಸಿದ್ದರು. ತರಗತಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿ. ವಿಜ್ಞಾನ ನಡೆಯುವುದು ಹೀಗೆ.

ಕೊನೆಗೆ 2010ರ ಮೇ 5ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಪ್ರಕರಣದ ಹೆಸರಿನಲ್ಲೇ ನಮ್ಮ ರಾಜ್ಯವಿದೆ: ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ. ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಮಿದುಳಿನ ಪರೀಕ್ಷೆ, ಈ ಮೂರನ್ನೂ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಅದರ ಫಲಿತಾಂಶವೇ ಸಾಕ್ಷ್ಯವಾಗದು ಎಂದಿತು ನ್ಯಾಯಪೀಠ. ಆರೋಪಿಯ ಬೆರಳಚ್ಚು, ಕೈಬರಹದ ಮಾದರಿ ಪಡೆಯುವುದು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಿದಂತಲ್ಲ ಎಂದು 1961ರಲ್ಲೇ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. ಬೆರಳು ಬೇರೆ, ಮನಸ್ಸು ಬೇರೆ ಎಂಬ ಗೆರೆ 2010ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಮಂಪರಿನಲ್ಲಿದ್ದವನು ಪ್ರಶ್ನೆ ಎಳೆದ ಕಡೆಗೆ ಹೋಗಬಹುದು, ಕೆಲವರು ಆಗಲೂ ಸುಳ್ಳು ಹೇಳಬಲ್ಲರು ಎಂಬುದನ್ನೂ ಕೋರ್ಟು ಗಮನಿಸಿತು.

ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದೆ. ಅರ್ಥವಾದದ್ದು ಮಾತ್ರ ಪೀಣ್ಯದಲ್ಲಿ. ಅಪ್ಪ ಅಲ್ಲಿನ ಚಿಕ್ಕ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡಿದವರು. ನಾನು ಮಂಪರು ಪರೀಕ್ಷೆಯ ಬಗ್ಗೆ ಬರೆಯುತ್ತಿದ್ದಾಗ ಒಮ್ಮೆ ಕೇಳಿದರು: "ಅದರ ಅಳತೆ ಎಷ್ಟು ತಪ್ಪಬಹುದು ಅಂತ ಗೊತ್ತಾ?" ಗೊತ್ತಿಲ್ಲ ಎಂದೆ. "ಮೈಕ್ರೋಮೀಟರೂ ಸುಳ್ಳು ಹೇಳುತ್ತೆ ಪುಟ್ಟಾ. ಎಷ್ಟು ಹೇಳುತ್ತೆ ಅಂತ ಗೊತ್ತಿದ್ದರೆ ಕೆಲಸ ಮಾಡಬಹುದು. ಗೊತ್ತಿಲ್ಲದಿದ್ದರೆ ಅದನ್ನ ಮುಟ್ಟಬಾರದು." ಬೇರಿಂಗ್ ಒಂದು ತಪ್ಪಾದರೆ ಮಾಲು ವಾಪಸ್ ಬರುತ್ತದೆ. ಇಲ್ಲಿ ತಪ್ಪಾದರೆ ಒಬ್ಬ ಮನುಷ್ಯ ಜೈಲಿಗೆ ಹೋಗುತ್ತಾನೆ.

ಹಾಗಂತ ಉಪಕರಣದ ಅಳತೆಯೊಂದೇ ನಮ್ಮ ಶಾಸ್ತ್ರವಲ್ಲ. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್‌ಸೆಂಟರ್ ಉದ್ಯೋಗಿಯೊಬ್ಬರು ಕ್ಯಾಬ್ ಚಾಲಕನಿಂದ ಕೊಲೆಯಾದರು. 2010ರ ಅಕ್ಟೋಬರ್‌ನಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಯಾರು ಕೊಂದರು ಎಂಬುದಕ್ಕೆ ಸಾಕ್ಷ್ಯ ಕೂಡಿಸುವುದು ವಿಧಿವಿಜ್ಞಾನದ ಕೆಲಸ. ಅಮೆರಿಕದ ಗಡಿಯಾರಕ್ಕೆ ಹೊಂದಿಸಿದ ಪಾಳಿ, ನಿರ್ಜನ ರಸ್ತೆ, ಕಾರಿನಲ್ಲಿ ಒಬ್ಬಂಟಿ ಹೆಣ್ಣುಮಗಳು, ಈ ಸನ್ನಿವೇಶವನ್ನು ಯಾರು ನಿರ್ಮಿಸಿದರು, ಅದನ್ನು ಬದಲಿಸುವುದು ಹೇಗೆ ಎಂದು ಕೇಳುವುದು ಅಪರಾಧಶಾಸ್ತ್ರದ ಕೆಲಸ. ಎರಡನ್ನೂ ಒಬ್ಬರೇ ಕೇಳಬೇಕು ಎಂಬ ಆಸೆಯಿಂದ ನಾನು ಈ ದಾರಿ ಹಿಡಿದೆ.

ದಾರಿಯೇನೂ ಸಲೀಸಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗದ ಹೆಸರಿನಲ್ಲಿ ಅಪರಾಧಶಾಸ್ತ್ರ, ವಿಧಿವಿಜ್ಞಾನ ಎರಡೂ ಇವೆ. ಆದರೆ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಅವು ಬೇರೆ ಬೇರೆ ವಿಷಯಗಳು: ಒಂದರ ಸಂಕೇತ ಸಂಖ್ಯೆ 68, ಇನ್ನೊಂದರದು 82. ಒಂದೆಡೆ ಸಮಾಜವಿಜ್ಞಾನದವಳು, ಇನ್ನೊಂದೆಡೆ ಲ್ಯಾಬಿನವಳು ಅನ್ನಿಸಿಕೊಂಡು ಎರಡೂ ಬಾಗಿಲ ಹೊರಗೆ ನಿಂತದ್ದಿದೆ. ಅತಿಥಿ ಉಪನ್ಯಾಸಕರ ಸಂಬಳ ಕೈಗೆ ಬರುವ ದಿನ ಇಂಥದ್ದೇ ಎಂದು ಹೇಳಲಾಗದು. ಕಳೆದ ತಿಂಗಳು ವೈಟ್‌ಫೀಲ್ಡ್‌ನ ಕಂಪನಿಯೊಂದು ಡಿಜಿಟಲ್ ತನಿಖೆಯ ಕೆಲಸಕ್ಕೆ ಕರೆಯಿತು. ಸಂಬಳ ಈಗಿನದಕ್ಕಿಂತ ಎಷ್ಟೋ ಪಟ್ಟು. ಅಮ್ಮ ದಿನಾ ಕೇಳುತ್ತಾರೆ, "ಏನು ಮಾಡಿದೆ?"

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ರಾಜ್ಯಗಳಿಗೆ ಇದನ್ನು ಜಾರಿಗೊಳಿಸಲು ಐದು ವರ್ಷದ ಅವಕಾಶವಿದೆ. ಧಾರವಾಡಕ್ಕೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಬಂದಿದೆ. ಇನ್ನು ಸಾವಿರಾರು ಹುಡುಗ ಹುಡುಗಿಯರು ಈ ಕೆಲಸಕ್ಕೆ ಬರುತ್ತಾರೆ. ಕಟಕಟೆಯಲ್ಲಿ ನಿಂತು "ಇಷ್ಟು ಹೇಳಬಲ್ಲೆ, ಇದರಾಚೆ ಹೇಳಲಾರೆ" ಎನ್ನುವ ಧೈರ್ಯವನ್ನು ಅವರಿಗೆ ಯಾರಾದರೂ ಕಲಿಸಬೇಕಲ್ಲ?

ಕಂಪನಿಗೆ ಇನ್ನೂ ಉತ್ತರ ಬರೆದಿಲ್ಲ. ಅವರು ಕೊಟ್ಟ ಗಡುವು ಶುಕ್ರವಾರಕ್ಕೆ ಮುಗಿಯುತ್ತದೆ. ಗುರುವಾರ ನನಗೆ ತರಗತಿಯಿದೆ; ಸೆಲ್ವಿ ತೀರ್ಪಿನ ಪ್ರತಿಗಳನ್ನು ಮಾಡಿಸಿ ಇಟ್ಟುಕೊಂಡಿದ್ದೇನೆ.