ಎಣ್ಣೆ–ಮೇಣದ ಮೆರುಗು: ಮರದ ಪೀಠೋಪಕರಣಗಳ ಆರೈಕೆ

ಮೇಜು, ಕುರ್ಚಿ, ಕಪಾಟುಗಳಿಗೆ ವಾರ್ನಿಷ್ ಬಳಿಯದೆ, ಒಣಗುವ ಜಾತಿಯ ಎಣ್ಣೆಯನ್ನು ಮರಕ್ಕೆ ಕುಡಿಸಿ ಮೇಲೆ ಮೇಣ ತಿಕ್ಕಿ ಹೊಳಪು ತರಿಸುವುದು ಹಳೆಯ ಪದ್ಧತಿ. ವಾರ್ನಿಷ್, ಪಾಲಿಯುರೆಥೇನ್‌ಗಳು ಮರದ ಮೇಲೆ ಪೊರೆಯಾಗಿ ಕೂರುತ್ತವೆ. ಎಣ್ಣೆ ಒಳಗಿಳಿದು ಅಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ಮುಟ್ಟಿದರೆ ಕೈಗೆ ಸಿಗುವುದು ಮರವೇ. ಬಿಸಿ ಕಾಫಿ ಲೋಟವನ್ನಾಗಲಿ, ಚೆಲ್ಲಿದ ಸಾರನ್ನಾಗಲಿ ಈ ಮೆರುಗು ಹೆಚ್ಚು ಹೊತ್ತು ತಾಳುವುದಿಲ್ಲ. ಆದರೆ ಕೆಟ್ಟ ಜಾಗವನ್ನಷ್ಟೇ ಮನೆಯವರೇ ಸರಿಮಾಡಿಕೊಳ್ಳಬಹುದು, ಇಡೀ ಮೇಜನ್ನು ಕೆರೆಯಬೇಕಾಗಿಲ್ಲ. ಈ ಪದ್ಧತಿ ಇಂದಿಗೂ ಉಳಿದಿರುವುದಕ್ಕೆ ಮುಖ್ಯ ಕಾರಣ ಇದೇ.

ಎಲ್ಲ ಎಣ್ಣೆಯೂ ಇದಕ್ಕೆ ಆಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದ ಕುರ್ಚಿ ಮೊದಲ ದಿನ ಮಿರಮಿರ ಮಿಂಚುತ್ತದೆ, ಆಮೇಲೆ ಧೂಳು ಮೆತ್ತಿಕೊಂಡು ಕಮಟು ವಾಸನೆ ಹೊಡೆಯುತ್ತದೆ. ಆ ಎಣ್ಣೆ ಒಣಗುವುದೇ ಇಲ್ಲ. ಅಗಸೆ ಎಣ್ಣೆ, ಚೀನಾ ಮೂಲದ ಟಂಗ್ ಎಣ್ಣೆ, ಅಕ್ರೋಟಿನ ಎಣ್ಣೆಗಳು ಗಾಳಿಯ ಆಮ್ಲಜನಕವನ್ನು ಹಿಡಿದು ಬಲೆಯಂತೆ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಉತ್ತರ ಕರ್ನಾಟಕದವರಿಗೆ ಚಟ್ನಿಪುಡಿಯಿಂದ ಪರಿಚಿತವಾದ ಅಗಸಿಯ ಹಸಿ ಎಣ್ಣೆ ಒಣಗಲು ಎಷ್ಟೋ ದಿನ, ಕೆಲವೊಮ್ಮೆ ವಾರಗಳೇ ಬೇಕು. ಅಂಗಡಿಯಲ್ಲಿ ‘ಕುದಿಸಿದ ಎಣ್ಣೆ’ ಎಂದು ಸಿಗುವುದನ್ನು ಈಗ ಸಾಮಾನ್ಯವಾಗಿ ಕುದಿಸಿರುವುದಿಲ್ಲ. ಬೇಗ ಒಣಗಲೆಂದು ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣ ಬೆರೆಸಿರುತ್ತಾರೆ. ಕ್ಯಾಲಿಫೋರ್ನಿಯಾದ ಹೆಸರಾಂತ ಬಡಗಿ ಸ್ಯಾಮ್ ಮಲೂಫ್ (1916–2009) ಇಂಥ ಅಗಸೆ ಎಣ್ಣೆ, ಟಂಗ್ ಎಣ್ಣೆ, ಪಾಲಿಯುರೆಥೇನ್ ಮೂರನ್ನೂ ಸಮಪಾಲು ಬೆರೆಸಿ ಹಚ್ಚುತ್ತಿದ್ದರು. ಕೊನೆಯ ಸುತ್ತಿಗೆ ಜೇನುಮೇಣ ಕರಗಿಸಿದ ಎಣ್ಣೆ. ಅವರ ತೂಗುಕುರ್ಚಿಗಳ ನುಣುಪಿನ ಹಿಂದೆ ಈ ಹದವೂ ಇತ್ತು.

ಒಣಗುವ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ. ಮೇಜಿನ ಮೇಲೆ ತೆಳ್ಳಗೆ ಹರಡಿದ್ದರೆ ಅದು ಗೊತ್ತೂ ಆಗುವುದಿಲ್ಲ. ಅದೇ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಶಾಖಕ್ಕೆ ಹೊರಹೋಗಲು ದಾರಿಯಿಲ್ಲದೆ, ಬೆಂಕಿಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಅಂತಸ್ತಿನ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡಕ್ಕೆ 1991ರ ಫೆಬ್ರುವರಿ 23ರಂದು ಬೆಂಕಿ ಬಿದ್ದದ್ದು ಹೀಗೆಯೇ. ಗೋಡೆಯ ಮರದ ಹಲಗೆಗಳಿಗೆ ಮೆರುಗು ಕೊಟ್ಟವರು 22ನೇ ಮಹಡಿಯಲ್ಲಿ ಬಿಟ್ಟುಹೋದ ಅಗಸೆ ಎಣ್ಣೆಯ ಚಿಂದಿಗಳು ಹೊತ್ತಿಕೊಂಡವು. ಬೆಂಕಿ ನಿಂತದ್ದು ನೀರು ಚಿಮ್ಮುವ ವ್ಯವಸ್ಥೆಯಿದ್ದ 30ನೇ ಮಹಡಿಯಲ್ಲಿ; ಅಷ್ಟರಲ್ಲಿ ಅಗ್ನಿಶಾಮಕ ದಳದ ಮೂವರು ಪ್ರಾಣ ಕಳೆದುಕೊಂಡಿದ್ದರು. ಎಣ್ಣೆಬಟ್ಟೆಯನ್ನು ಬಯಲಿನಲ್ಲಿ ಹರಡಿ ಪೂರ್ತಿ ಗರಿಗಟ್ಟುವವರೆಗೆ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕಬೇಕು.

ಮೇಣದ ಕೆಲಸ ಬೇರೆ. ಜೇನುಮೇಣ ಸುಮಾರು 62–64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬರೀ ಅದನ್ನೇ ಹಚ್ಚಿದರೆ ಮೆತ್ತಗಿದ್ದು ಬೆರಳಚ್ಚು ಮೂಡುತ್ತದೆ. ಬ್ರೆಜಿಲ್‌ನ ಒಂದು ತಾಳೆಯ ಎಲೆಯಿಂದ ಬರುವ ಕಾರ್ನೌಬಾ ಮೇಣ 80 ಡಿಗ್ರಿ ದಾಟಿದ ಮೇಲೆಯೇ ಕರಗುವಷ್ಟು ಗಟ್ಟಿ. ಎರಡನ್ನೂ ಸೇರಿಸಿ, ಟರ್ಪೆಂಟೈನ್‌ನಲ್ಲಿ ಕರಗಿಸಿದರೆ ಬೆಣ್ಣೆಯ ಹದದ ಪಾಲಿಶ್ ಸಿಗುತ್ತದೆ. ಟರ್ಪೆಂಟೈನ್ ಬೇಗ ಬೆಂಕಿ ಹಿಡಿಯುವುದರಿಂದ ಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಒಲೆ ಆರಿಸಿದ ಮೇಲಷ್ಟೇ ಅದನ್ನು ಬೆರೆಸುವುದು.

ನಿತ್ಯದ ಆರೈಕೆಗೆ ಒಣಗಿದ ಹತ್ತಿಬಟ್ಟೆ ಸಾಕು. ಹಳೆಯ ಪಂಚೆಯ ತುಂಡಿಗಿಂತ ಒಳ್ಳೆಯದು ಸಿಗುವುದು ಕಷ್ಟ. ಮೇಣ ಯಾವಾಗ ಹಚ್ಚಬೇಕೆಂಬುದನ್ನು ಒಂದು ಹನಿ ನೀರು ಹೇಳುತ್ತದೆ. ಹನಿ ಮುತ್ತಿನಂತೆ ನಿಂತರೆ ಇನ್ನೂ ಸಮಯವಿದೆ, ಹರಡಿ ಮರವನ್ನು ಕಪ್ಪಾಗಿಸಿದರೆ ಸರದಿ ಬಂತು. ಹಚ್ಚುವಾಗ ಸುಣ್ಣದ ಡಬ್ಬಿಯಿಂದ ತೆಗೆಯುವಷ್ಟೇ ಮೇಣವನ್ನು ಬಟ್ಟೆಗೆ ಬಳಿದುಕೊಂಡು, ಎಳೆಯ ಜಾಡಿನಲ್ಲೇ ಉದ್ದಕ್ಕೆ ಒರೆಸಬೇಕು. ಹದಿನೈದಿಪ್ಪತ್ತು ನಿಮಿಷ ಬಿಟ್ಟು, ಟರ್ಪೆಂಟೈನ್ ವಾಸನೆ ತಗ್ಗಿದ ಮೇಲೆ ಬೇರೆ ಬಟ್ಟೆಯಿಂದ ತಿಕ್ಕಬೇಕು. ಬಟ್ಟೆ ಮೊದಮೊದಲು ಹಿಡಿದೆಳೆದಂತಾಗುತ್ತದೆ. ಜಾರತೊಡಗಿತೆಂದರೆ ಕೆಲಸ ಮುಗಿಯಿತು. ಊಟದ ಮೇಜಿಗೆ ವರ್ಷಕ್ಕೆ ಎರಡು ಸಲ, ಕಪಾಟಿಗೆ ಒಂದು ಸಲ ಧಾರಾಳವಾಯಿತು.

ಎಣ್ಣೆಯ ಸರದಿ ಬರುವುದು ಅಪರೂಪ. ಮೇಣವಿರುವ ಮರ ಎಣ್ಣೆ ಕುಡಿಯುವುದಿಲ್ಲವಾದ್ದರಿಂದ ಮೊದಲು ಟರ್ಪೆಂಟೈನ್‌ನಿಂದ ಮೇಣ ತೆಗೆಯಬೇಕು. ಹಚ್ಚಿದ ಎಣ್ಣೆಯಲ್ಲಿ ಮರ ಹೀರದೆ ಉಳಿದದ್ದನ್ನು ಅರ್ಧ ಗಂಟೆಯೊಳಗೆ ಒಂದಿಷ್ಟೂ ಬಿಡದಂತೆ ಒರೆಸದಿದ್ದರೆ ಅಂಟುಅಂಟಾಗಿ ಹೆಪ್ಪುಗಟ್ಟುತ್ತದೆ.

ಬಿಸಿ ಪಾತ್ರೆ ಇಟ್ಟ ಕಡೆ ಮೂಡುವ ಬಿಳಿ ಉಂಗುರ ಸಾಮಾನ್ಯವಾಗಿ ಮೇಣದಲ್ಲಿ ಸಿಕ್ಕಿಕೊಂಡ ತೇವ. ಹೊಸ ಮೇಣ ಹಾಕಿ ತಿಕ್ಕಿದರೆ ಎಷ್ಟೋ ಸಲ ಹೋಗುತ್ತದೆ. ಕಪ್ಪು ಕಲೆ ಹಾಗಲ್ಲ: ಒದ್ದೆ ಕಬ್ಬಿಣದ ಬಾಣಲೆ ಇಟ್ಟಾಗ ಕಬ್ಬಿಣವೂ ಮರದ ಟ್ಯಾನಿನ್ನೂ ಕೂಡಿ ಒಳಗೇ ಮಸಿಯಾಗಿರುತ್ತದೆ. ಅದಕ್ಕೆ ಆಕ್ಸಾಲಿಕ್ ಆಮ್ಲವೇ ಮದ್ದು, ಅದು ವಿಷವಾದ್ದರಿಂದ ಕೈಗವಸು ಬೇಕೇಬೇಕು.

ಮರದ ಜಾತಿಯನ್ನೂ ನೋಡಬೇಕು. ಬೀಟೆಯಲ್ಲಿ ಎಣ್ಣೆ ಒಣಗುವುದನ್ನೇ ತಡೆಯುವ ಸಹಜ ರಾಸಾಯನಿಕಗಳಿರುವುದರಿಂದ, ಹಚ್ಚಿದ ಎಣ್ಣೆ ವಾರಗಟ್ಟಲೆ ಜಿಡ್ಡಾಗಿಯೇ ಉಳಿಯಬಹುದು. ಅಂಥ ಮರಕ್ಕೆ ಮೇಣವಷ್ಟೇ ಕ್ಷೇಮ. ತೇಗದಲ್ಲಿ ತನ್ನದೇ ಎಣ್ಣೆ ಸಾಕಷ್ಟಿರುತ್ತದೆ. ಹೊರಗಿನಿಂದ ಕೊಟ್ಟದ್ದನ್ನು ಅದು ತೀರಾ ಕಡಿಮೆ ಹೀರುತ್ತದೆ.

ಎಣ್ಣೆ ಮರಕ್ಕೆ ‘ಆಹಾರ’, ಹಚ್ಚುತ್ತಿದ್ದರೆ ಬಿರುಕು ಬಿಡುವುದಿಲ್ಲ ಎಂಬ ನಂಬಿಕೆ ಬಲವಾಗಿದೆ, ಜಾಹೀರಾತುಗಳೂ ಅದನ್ನು ಸಾಕಿವೆ. ಅಮೆರಿಕದ ಮ್ಯಾಡಿಸನ್‌ನ ಅರಣ್ಯ ಉತ್ಪನ್ನ ಪ್ರಯೋಗಾಲಯ 1980ರ ದಶಕದಲ್ಲಿ ಬಗೆಬಗೆಯ ಲೇಪಗಳನ್ನು ತೇವದ ಕೋಣೆಯಲ್ಲಿಟ್ಟು ಪರೀಕ್ಷಿಸಿತು. ಮೂರು ಕೋಟು ಅಗಸೆ ಎಣ್ಣೆ ಹಚ್ಚಿದ ಹಲಗೆಯಲ್ಲೂ ಹದಿನಾಲ್ಕನೇ ದಿನಕ್ಕೆ ತೇವ ತಡೆಯುವ ಗುಣ ಏನೂ ಉಳಿದಿರಲಿಲ್ಲ. ಪ್ಯಾರಾಫಿನ್ ಮೇಣದಲ್ಲಿ ಅದ್ದಿ ತೆಗೆದ ಹಲಗೆ ಚೆನ್ನಾಗಿಯೇ ತಡೆಯಿತು, ಆದರೆ ಯಾರೂ ಕುರ್ಚಿಯನ್ನು ಮೇಣದಲ್ಲಿ ಅದ್ದುವುದಿಲ್ಲ. ತಿಕ್ಕಿ ಹೊಳಪಿಸಿದ ತೆಳು ಮೇಣಕ್ಕೆ ಆ ಶಕ್ತಿಯಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ಬಾಗಿಲು ಉಬ್ಬುವುದೂ ಬೇಸಿಗೆಯಲ್ಲಿ ಬಳ್ಳಾರಿಯ ಮೇಜು ಕುಗ್ಗುವುದೂ ಎಣ್ಣೆಯಿಂದ ನಿಲ್ಲದು. ಕರಾವಳಿಯ ಮಳೆಗಾಲದಲ್ಲಿ ಹಸಿ ಅಗಸೆ ಎಣ್ಣೆ ಬೂಷ್ಟಿಗೇ ಊಟವಾಗುತ್ತದೆ. ಅಲ್ಲಿ ಪೀಠೋಪಕರಣವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದು ಗಾಳಿಯಾಡಲು ಬಿಡುವುದು ಯಾವ ಲೇಪಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಅತಿಯಾದ ಆರೈಕೆಯಿಂದ ಕೆಟ್ಟ ಉದಾಹರಣೆಗಳು ಸಂಗ್ರಹಾಲಯಗಳಲ್ಲೇ ಇವೆ. ಅಗಸೆ ಎಣ್ಣೆ, ಟರ್ಪೆಂಟೈನ್, ವಿನೆಗರ್ ಬೆರೆಸಿ ಹಳೆಯ ಸಾಮಾನುಗಳಿಗೆ ಪದೇಪದೇ ಹಚ್ಚುವ ರೂಢಿ ಅಲ್ಲಿತ್ತು. ಪದರದ ಮೇಲೆ ಪದರ ಕೂತು ಕಪ್ಪುಗಟ್ಟಿದ ಆ ಲೇಪ ಈಗ ದ್ರಾವಕಕ್ಕೂ ಸುಲಭವಾಗಿ ಜಗ್ಗುವುದಿಲ್ಲ. ಹೀಗಾಗಿ ಸಂರಕ್ಷಕರು ಆ ರೂಢಿಯನ್ನು ಕೈಬಿಟ್ಟು ಮೇಣಕ್ಕೆ ಮರಳಿದ್ದಾರೆ. ಸೂಪರ್‌ಮಾರ್ಕೆಟ್ಟಿನ ಸ್ಪ್ರೇ ಪಾಲಿಶ್‌ಗಳ ತೊಂದರೆ ಇನ್ನೊಂದು ಬಗೆಯದು: ಹಲವುಗಳಲ್ಲಿ ಸಿಲಿಕೋನ್ ಇರುತ್ತದೆ, ಅದು ಮರದೊಳಗೆ ಸೇರಿಕೊಳ್ಳುತ್ತದೆ. ಮುಂದೊಂದು ದಿನ ಅದೇ ಮೇಜಿಗೆ ಹೊಸ ವಾರ್ನಿಷ್ ಹೊಡೆಯಲು ಹೋದರೆ ಲೇಪ ಹರಡದೆ ಮೀನುಗಣ್ಣಿನಂಥ ಗುಳಿಗಳು ಏಳುತ್ತವೆ, ಎಷ್ಟು ಕೆರೆದರೂ ಮತ್ತೆ ಮೂಡುತ್ತವೆ.