ಶಿವರಾಯಿಗೆ ಯಾವ ಮನೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಕಡೆಯ ಹಳೇ ಮನೆಗಳ ಟ್ರಂಕು ತೆಗೆದರೆ ಮೂರು ರಾಜ್ಯಭಾರ ಒಟ್ಟಿಗೇ ಕೈಗೆ ಸಿಗಬಹುದು. ಮೊದಲು ಬಿಜಾಪುರದ ಆದಿಲ್‌ಶಾಹಿ, ಆಮೇಲೆ ಮರಾಠರು, ಕೊನೆಗೆ ಇಂಗ್ಲಿಷರು. ಆಳಿದವರು ಹೋದರು, ಅವರ ಚಿಲ್ಲರೆ ಉಳೀತು.

ಅದರಲ್ಲಿ ಶಿವರಾಯಿ ಮುಖ್ಯ. 1674ರಲ್ಲಿ ಶಿವಾಜಿ ಪಟ್ಟಕ್ಕೇರಿದಾಗ ಶುರುವಾದ ತಾಮ್ರದ ದುಡ್ಡು. ಒಂದು ಕಡೆ ‘ಶ್ರೀ ರಾಜಾ ಶಿವ’, ಇನ್ನೊಂದು ಕಡೆ ‘ಛತ್ರಪತಿ’. ಅವರ ನಂತರದವರೂ ಅದೇ ಅಕ್ಷರ ಹಾಕಿ ಬಹಳ ಕಾಲ ಟಂಕಿಸಿದರು. ಕನ್ನಡ ಮಾತಾಡೋರು, ಮರಾಠಿ ಮಾತಾಡೋರು ಇಬ್ಬರೂ ಅದೇ ದುಡ್ಡಲ್ಲಿ ಸಂತೆ ಮಾಡಿದರು.

ಹಿರಿಯರು ಇದನ್ನ ಇಡ್ತಿದ್ದದ್ದು ಸೊಂಟದ ಹಮ್ಮಿಣಿಯಲ್ಲಿ, ಮಣ್ಣಿನ ಗಡಿಗೆಯಲ್ಲಿ, ತೊಗಲಿನ ಚೀಲದಲ್ಲಿ, ಕಟ್ಟಿಗೆ ಪೆಟ್ಟಿಗೆಯಲ್ಲಿ. ಅವರಿಗೆ ಭಯ ಇದ್ದದ್ದು ಕಳ್ಳರದು. ಹೊಳಪು ಹೋದರೇನು, ದುಡ್ಡು ನಡೀತಿತ್ತು. ನಮಗೆ ಹಾಗಲ್ಲ. ಅಕ್ಷರ ಅಳಿಸಿಹೋದ ಶಿವರಾಯಿ ಬರೀ ತಾಮ್ರದ ಬಿಲ್ಲೆ.

ಹಾಗಾಗಿ ಮನೆ ಬದಲಿಸಬೇಕು. ಅಥಣಿಯ ಚಪ್ಪಲಿಗೆ ಹದ ಮಾಡಿದ ತೊಗಲು ಚೆಂದ, ನಾಣ್ಯಕ್ಕೆ ಅದರ ಆಮ್ಲ ಶತ್ರು. ಕಟ್ಟಿಗೆಯೂ ಮೆಲ್ಲಗೆ ಆಮ್ಲದ ಆವಿ ಬಿಡುತ್ತೆ. ಉಣ್ಣೆ, ರಬ್ಬರ್‌ ಬ್ಯಾಂಡಿನ ಗಂಧಕ ಬೆಳ್ಳಿಯನ್ನ ಕಪ್ಪು ಮಾಡುತ್ತೆ.

ಎಲ್ಲಕ್ಕಿಂತ ಮೋಸಗಾರ ಮೆತ್ತನೆಯ ಪಿವಿಸಿ. 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್ ಗಟ್ಟಿ ಪಿವಿಸಿಯನ್ನ ಬಾಗುವ ಹಾಗೆ ಮಾಡಿದ. ಮುಂದೆ ಅದೇ ನಾಣ್ಯದ ಆಲ್ಬಮ್ಮಿಗೂ ಬಂತು. ವರ್ಷಗಳು ಕಳೆದಂತೆ ಅದನ್ನ ಮೆತ್ತಗೆ ಮಾಡಿದ ಎಣ್ಣೆಯಂಥ ವಸ್ತು ಹೊರಗೆ ಜಿನುಗುತ್ತೆ, ಪ್ಲಾಸ್ಟಿಕ್ಕು ಆಮ್ಲ ಬಿಡುತ್ತೆ, ತಾಮ್ರದ ಮೇಲೆ ಹಸಿರು ಅಂಟು ಕೂರುತ್ತೆ. ಮುನ್ನೂರು ವರ್ಷ ಗಡಿಗೆಯಲ್ಲಿ ಬದುಕಿದ್ದು ಹತ್ತಿಪ್ಪತ್ತು ವರ್ಷದ ಆಲ್ಬಮ್ಮಲ್ಲಿ ಹಾಳಾಗಬಹುದು.

ಪತ್ತೆ ಹೇಗೆ? ಹೊಸ ರೇನ್‌ಕೋಟಿನ ವಾಸನೆ ಬಂದರೆ ಅನುಮಾನ ಪಡ್ರಿ. ಗಾಳಿಯಾಡುವ ಕಡೆ ತಾಮ್ರದ ತಂತಿ ಕಾಯಿಸಿ, ಪ್ಲಾಸ್ಟಿಕ್ ಚೂರಿಗೆ ಮುಟ್ಟಿಸಿ, ಮತ್ತೆ ಉರಿಗೆ ಹಿಡೀರಿ. ಜ್ವಾಲೆ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ. ಆ ಆಲ್ಬಮ್ ಬೇಡ.

ಕೊಳ್ಳುವಾಗ ಪಾಲಿಯೆಸ್ಟರ್ ಅಂದರೆ ಮೈಲಾರ್, ಪಾಲಿಪ್ರೊಪಿಲೀನ್ ಅಥವಾ ಅಕ್ರಿಲಿಕ್ ಡಬ್ಬಿ ಕೇಳ್ರಿ. ಮೈಲಾರ್ ಕಿಟಕಿಯ ರಟ್ಟಿನ ಚೌಕ ಅಗ್ಗ. ಅದರ ಸ್ಟೇಪಲ್ ಪಿನ್ನು ಪಕ್ಕದ ನಾಣ್ಯವನ್ನ ಗೀರದ ಹಾಗೆ ಚಪ್ಪಟೆ ಮಾಡ್ರಿ. ಆದಿಲ್‌ಶಾಹಿಯ ಲಾರಿ ಸಿಕ್ಕರೆ, ಅದು ಮಡಚಿದ ಬೆಳ್ಳಿ ತಂತಿ, ಚೌಕಕ್ಕೆ ಕೂರಲ್ಲ. ಪಾಲಿಥೀನ್ ಜಿಪ್ ಚೀಲ ಸಾಕು. ಮಳೆಗಾಲಕ್ಕೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇರಲಿ. ಹುಣಸೆಹಣ್ಣು ಹಚ್ಚಿ ತಿಕ್ಕೋದು ಮಾತ್ರ ಬೇಡ್ರಿ. ಅದು ತಂಬಿಗೆಗೆ ಸರಿ.

ಕೊನೆಗೆ ಒಂದು ಚೀಟಿ ಬರೀರಿ: ಯಾವ ಊರು, ಯಾವ ಮನೆ, ಯಾರ ಕೈಯಿಂದ ಬಂತು. ಚೀಟಿ ನಾಣ್ಯಕ್ಕೆ ತಾಗದಂತೆ ಹೊರಗಿರಲಿ. ಹೋಲ್ಡರು ಲೋಹವನ್ನಷ್ಟೇ ಉಳಿಸುತ್ತೆ; ಅಜ್ಜಿಯ ಟ್ರಂಕಿನ ಇತಿಹಾಸ ಉಳಿಯೋದು ಆ ಚೀಟಿಯಲ್ಲಿ.